ಪೈವಳಿಕೆಯ ಪೇಪರ್ ಕಟ್ಟು

ಪೈವಳಿಕೆಯ ಪೇಪರ್ ಏಜೆಂಟ್ ಗುಣಪಾಲನಿಗೆ ಬೆಳಗಿನ ಮೊದಲ ಕೆಲಸವೆಂದರೆ ಸತ್ತವರನ್ನು ನೋಡುವುದು. ಉಪ್ಪಳದಿಂದ ಮೊದಲ ಬಸ್ಸಿನಲ್ಲಿ ಬಂದ ಕಟ್ಟನ್ನು ಬಿಚ್ಚಿದವನೇ ಮರಣವಾರ್ತೆಯ ಪುಟ ತೆಗೆದು ಬೆರಳಿಟ್ಟು ಹುಡುಕುತ್ತಾನೆ. ತನ್ನ ಗಿರಾಕಿಗಳು ಯಾರೂ ಅದರಲ್ಲಿ ಇಲ್ಲವೆಂದಾದ ಮೇಲೆಯೇ ಸ್ಕೂಟರಿಗೆ ಕಿಕ್ ಹೊಡೆಯುವುದು.

ಈ ಚಾಳಿ ಹಿಡಿದದ್ದು ಪೇಪರಿನ ಪ್ರಸಾರ ವಿಭಾಗದ ಈಶ್ವರಪ್ರಸಾದ ಬಂದುಹೋದ ಮೇಲೆ.

"ಚಿನ್ನದಂಗಡಿಯವರು, ಜವುಳಿಯವರು ಎಲ್ಲ ಮೊಬೈಲಿಗೆ ಜಾಹೀರಾತು ಕೊಡ್ತಾರೆ. ನಮಗೆ ಉಳಿದದ್ದು ಶ್ರದ್ಧಾಂಜಲಿ ಮಾತ್ರ. ಐವತ್ತಕ್ಕೆ ಒಂದು ಕಡಿಮೆಯಾದರೂ ಕಟ್ಟು ಉಪ್ಪಳದಿಂದ ಈಚೆ ಬರುವುದಿಲ್ಲ, ನೋಡಿ" ಎಂದು ಅವನು ಹೇಳಿದ್ದ.

ಗುಣಪಾಲನ ಬಳಿ ಇದ್ದದ್ದು ಸರಿಯಾಗಿ ಐವತ್ತು ಗಿರಾಕಿಗಳು. ಗಡಿನಾಡಿನ ಆ ಊರಿನಲ್ಲಿ ಕನ್ನಡ ಓದುವ ಹಿರಿಯರು ಒಬ್ಬೊಬ್ಬರಾಗಿ ಕಣ್ಣು ಮುಚ್ಚುತ್ತಿದ್ದರು. ಶ್ರದ್ಧಾಂಜಲಿ ಹಾಕಿಸಿದ ಮನೆಯವರು ಆ ದಿನ ನೆಂಟರಿಗೆಲ್ಲ ಹಂಚಲು ರಾಶಿ ಪೇಪರ್ ಕೊಂಡು, ಮರುದಿನದಿಂದ ಒಂದೂ ಬೇಡವೆನ್ನುತ್ತಿದ್ದರು.

ಹೀಗಿರುವಾಗ ಆ ಐವತ್ತರಲ್ಲಿ ಒಬ್ಬರಾದ ನಿವೃತ್ತ ಶಿಕ್ಷಕಿ ವಸುಮತಿ ಟೀಚರಿಗೆ ಕೆಮ್ಮು ಹಿಡಿಯಿತು. ಗುಣಪಾಲ ದಿನಾ ಅವರ ಗೇಟಿನ ಮುಂದೆ ಬ್ರೇಕ್ ಹಾಕಿ, "ಕೆಮ್ಮು ಹೇಗುಂಟು ಟೀಚರೇ?" ಎಂದು ಕೇಳತೊಡಗಿದ.

ಒಂದು ದಿನ ಟೀಚರ್ ಅವನನ್ನು ಜಗಲಿಗೆ ಕರೆದರು.

"ನಾಲ್ಕನೇ ಕ್ಲಾಸಿನಲ್ಲಿ ನನ್ನನ್ನು ಕಂಡರೆ ಓಡ್ತಿದ್ದವ ನೀನು. ಈಗ ಎಂತ ಇಷ್ಟು ಪ್ರೀತಿ? ಕೇಳುವುದು ನನ್ನ ಆರೋಗ್ಯವೋ, ನಿನ್ನ ಪೇಪರಿನದ್ದೋ?"

ಗುಣಪಾಲ ಕುತ್ತಿಗೆ ತುರಿಸಿಕೊಂಡ. "ಎರಡೂ ಟೀಚರೇ."

"ನಾನು ಸದ್ಯ ಸಾಯುವುದಿಲ್ಲ. ಆದರೆ ಕಣ್ಣು ಹೋಯಿತು. ಅಕ್ಷರ ಎಲ್ಲ ಕಲಸಿದ ಹಾಗೆ ಕಾಣ್ತದೆ. ಒಂದನೇ ತಾರೀಕಿನಿಂದ ಪೇಪರ್ ಬೇಡ."

ಸಾವಿಗೆ ಅವನು ಮನಸ್ಸು ಗಟ್ಟಿಮಾಡಿಕೊಂಡಿದ್ದ. ಬದುಕಿರುವವರೇ ಪೇಪರ್ ಬಿಟ್ಟಾರೆಂದು ಎಣಿಸಿರಲಿಲ್ಲ.

"ಯಾರಾದರೂ ಓದಿ ಹೇಳಿದರೆ?"

"ಯಾರು? ಸೊಸೆ ಸೌಮ್ಯಶ್ರೀಗೆ ಮೊಬೈಲಿನಿಂದ ತಲೆ ಎತ್ತಲಿಕ್ಕೆ ಪುರುಸೊತ್ತಿಲ್ಲ."

"ನಾನು ಓದ್ತೇನೆ."

"ನೀನಾ? ಪಾಠ ಓದು ಅಂದ ಕೂಡಲೇ ಹೊಟ್ಟೆನೋವು ಬರ್ತಿತ್ತಲ್ಲ ನಿನಗೆ?"

ಮರುದಿನ ಗುಣಪಾಲ ಪೇಪರೆಲ್ಲ ಹಂಚಿ, ಉಳಿದ ಒಂದನ್ನು ಹಿಡಿದುಕೊಂಡು ಟೀಚರ ಜಗಲಿಯಲ್ಲಿ ಕುಳಿತ. ಕಾಲು ಒಂದು ಕಡೆ ನಿಲ್ಲದು. ಕೈ ತನ್ನಷ್ಟಕ್ಕೆ ಮರಣವಾರ್ತೆಯ ಪುಟಕ್ಕೆ ಹೋಯಿತು. ಒಟ್ಟಿಗೆ ಹಲವು ಹಾಳೆ ಮಗುಚಿದ ಸದ್ದು ಟೀಚರಿಗೆ ಕೇಳಿಸಿತು.

"ಸತ್ತವರಿಗೆ ಅವಸರ ಇಲ್ಲ. ಮೊದಲ ಪುಟದಿಂದ ಓದು."

ಅವನು ತಡವರಿಸುತ್ತ ಓದತೊಡಗಿದ. ಎರಡನೆಯ ಸುದ್ದಿಯ ನಡುವೆ ಟೀಚರಿಗೆ ಕೆಮ್ಮು ಬಂತು. ಬಂದದ್ದು ಬೇಗ ಬಿಡಲಿಲ್ಲ. ಗುಣಪಾಲನ ಬೆರಳು ಸಾಲಿನ ಮೇಲೆಯೇ ಅಂಟಿಕೊಂಡಿತು, ಕಣ್ಣು ಅವರ ಮುಖದ ಮೇಲೆ ನೆಟ್ಟಿತು.

ಟೀಚರ್ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಿಲ್ಲಿಸಿದ್ದು ಎಂತಕ್ಕೆ? ಓದು ಮಾರಾಯ, ನಾನು ಇಲ್ಲೇ ಇದ್ದೇನೆ."