ಕಡೀ ಆಕಿ ಬರೋತನಕ

ಗೊರೇಬಾಳದ ಹುಲಿಗೆಮ್ಮ ಹಿಂದಕ್ಕೆ ನಡೆಯುತ್ತಿದ್ದ ವೇಗದಲ್ಲಿ ನಾನು ಮುಂದಕ್ಕೆ ನಡೆಯಲಾರೆ. ಹೀಗೆ ಹೇಳುತ್ತಿರುವವಳು ಐವತ್ತು ಕಿಲೋಮೀಟರ್ ಗುಡ್ಡಗಾಡಿನಲ್ಲಿ ಓಡಿದವಳು ಎಂಬುದೂ ನಿಮಗೆ ಗೊತ್ತಿರಲಿ. ಮೊಣಕಾಲುದ್ದದ ಕೆಸರು, ಬಾಗಿದ ಬೆನ್ನು, ಎಡಗೈಯಲ್ಲಿ ಭತ್ತದ ಸಸಿಯ ಕಟ್ಟು. ಬಲಗೈ ಹೊಲಿಗೆ ಯಂತ್ರದ ಸೂಜಿಯಂತೆ ಕೆಳಗೆ ಮೇಲೆ ಆಡುತ್ತಿದ್ದರೆ ಪಾದಗಳು ತಮ್ಮ ಪಾಡಿಗೆ ತಾವು ಹಿಂದೆ ಹಿಂದೆ ಸರಿಯುತ್ತಿದ್ದವು. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು, ಬಾಯಲ್ಲಿ ಎಲೆ ಅಡಿಕೆ. ಹನ್ನೆರಡು ಹೆಂಗಸರ ನಾಟಿ ಗುಂಪಿಗೆ ಅವಳೇ ಮುಂದಾಳು. ವಯಸ್ಸು ಕೇಳಿದರೆ, "ಕಾಲುವಿಗೆ ನೀರು ಬಂದ ಮ್ಯಾಲೆ ಹುಟ್ಟೀನಿ, ಅಷ್ಟ ಗೊತ್ತು" ಎನ್ನುತ್ತಿದ್ದಳು. ಅವಳ ಹೆಬ್ಬೆರಳುಗಳು ಉಳಿದ ಬೆರಳುಗಳ ಜೊತೆ ಜಗಳವಾಡಿದಂತೆ ದೂರ ಸರಿದು ನಿಂತಿದ್ದವು. ಆ ಪಾದಕ್ಕೆ ಹೊಂದುವ ಚಪ್ಪಲಿ ಸಿಂಧನೂರಿನ ಯಾವ ಅಂಗಡಿಯಲ್ಲೂ ಇರಲಿಲ್ಲ.

ನಾನು ಸಿಂಧನೂರಿನಲ್ಲಿ ಗಣಿತ ಕಲಿಸುವ ಟೀಚರು. ಬೆಳಗ್ಗೆ ಎದ್ದು ಗೊರೇಬಾಳದ ಕಡೆ ಓಡುವುದು ನನ್ನ ಚಟ. ಮೊದಲ ದಿನ ಹೆಂಗಸರು ತುಂಬಿದ ಒಂದು ಟಂಟಂ ಆಟೋ ನನ್ನ ಪಕ್ಕಕ್ಕೆ ಬಂತು. ಒಳಗಿನಿಂದ ಹುಲಿಗೆಮ್ಮನ ದನಿ: "ಯಾರು ಬೆನ್ನ ಹತ್ಯಾರ ಬೇ ನಿನ್ನ?" ಟಂಟಂ ತುಂಬ ನಗು. ಮರುದಿನ, "ನಿನ್ನಿ ಕಳ್ಳರು ಸಿಕ್ಕರೇನ?" ಮೂರನೆಯ ದಿನ ನನಗೂ ರೇಗಿತು. "ನಿಮ್ಮ ಟಂಟಂಗಿಂತ ಮುಂದ ಹೋಗ್ತೀನಿ, ನೋಡಾಕತ್ತಿರ್ರಿ" ಎಂದು ಉಸಿರು ಕಟ್ಟಿ ಓಡಿದೆ. ಹಿಂದಿನಿಂದ ಹನ್ನೆರಡು ಗಂಟಲು ಕೂಗಿದವು. ಡ್ರೈವರ್ ವೇಗ ಕಡಿಮೆ ಮಾಡಿದ್ದ ಎಂಬುದು ಆಮೇಲೆ ತಿಳಿಯಿತು. ಮಾಡಿಸಿದವಳು ಹುಲಿಗೆಮ್ಮ.

ಆ ವರ್ಷದ ಜನವರಿಯಲ್ಲಿ ನಾನು ಬಿದ್ದೆ. ಎರಡನೆಯ ಬೆಳೆಯ ನಾಟಿ ನಡೆದಿತ್ತು. ಗದ್ದೆಯಿಂದ ಎದ್ದು ಬಂದ ಟ್ರ್ಯಾಕ್ಟರುಗಳು ರಸ್ತೆಯ ಮೇಲೆ ಕೆಸರು ಉದುರಿಸಿ ಹೋಗಿದ್ದವು. ಜಾರಿದ ಎಡಗಾಲು ಕಾಲುವೆ ಸೇತುವೆಯ ಅಂಚಿನ ಕಲ್ಲುಗಳ ನಡುವೆ ಸಿಕ್ಕಿ ಹೊರಳಿತು. ಒಳಗೆ ಏನೋ ಲಟಕ್ಕೆಂದಿತು. ಹಿಂದೆಯೇ ಬಂದ ಟಂಟಂ ನಿಂತಿತು. ಹುಲಿಗೆಮ್ಮ ಇಳಿದು ರಸ್ತೆಯಲ್ಲೇ ಕೂತು ನನ್ನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದಳು. ನಗೆಚಾಟಿಕೆ ಎಲ್ಲಿ ಹೋಯಿತೋ. ಮೈಮೇಲಿನ ಅಂಗಿ ಕಳಚಿ ಪಾದಕ್ಕೆ ಸುತ್ತಿದಳು.

"ಇಳೀರಿ ಎಲ್ಲಾರೂ. ನಡಕೋತ ಹೋಗೋಣು. ಅಕ್ಕೋರಿಗೆ ಕಾಲು ಚಾಚಾಕ ಜಾಗ ಬೇಕು" ಎಂದಳು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ಡ್ರೈವರನಿಗೆ, "ತೆಗ್ಗು ನೋಡಿ ಹೊಡಿ, ಆಕಿ ಚೀರಿದ್ರ ನಿನ್ನ ಬಿಡಂಗಿಲ್ಲ" ಎಂದು ಎಚ್ಚರಿಸಿ, ಹನ್ನೊಂದು ಹೆಂಗಸರನ್ನು ಕರೆದುಕೊಂಡು ಮೂರು ಕಿಲೋಮೀಟರ್ ದೂರದ ಗದ್ದೆಗೆ ನಡೆದು ಹೋದಳು.

ಪಾದದಲ್ಲಿ ಎರಡು ಎಲುಬು ಮುರಿದಿದ್ದವು. ಆಪರೇಷನ್ ಆಯಿತು, ಸ್ಕ್ರೂ ಹಾಕಿದರು, ತಿಂಗಳುಗಟ್ಟಲೆ ಮಂಚ. ಅದೇ ವರ್ಷದ ಡಿಸೆಂಬರಿನಲ್ಲಿ ಲಿಂಗಸುಗೂರಿನಾಚೆಯ ಗುಡ್ಡಗಳಿಂದ ಮಸ್ಕಿಯ ಬೆಟ್ಟದವರೆಗೆ ಐವತ್ತು ಕಿಲೋಮೀಟರಿನ ಓಟ ಇತ್ತು. ಅದಕ್ಕೆಂದೇ ಒಂದು ವರ್ಷದಿಂದ ತಯಾರಿ ನಡೆಸಿದ್ದೆ. ಡಾಕ್ಟರು ಎಕ್ಸ್‌ರೇ ನೋಡಿ, "ಎಲ್ಲಾ ಸರಿ ಆಗೇದ, ಧೈರ್ಯವಾಗಿ ನಡೀರಿ ಮೇಡಂ" ಎಂದರು. ಹೇಳುವುದು ಸುಲಭ. ಶಾಲೆಯ ಮೆಟ್ಟಿಲುಗಳನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದೆ. ಎಡಗಾಲು ನೆಲ ಮುಟ್ಟುವ ಮೊದಲೇ ಕೈ ಗೋಡೆ ಹಿಡಿಯುತ್ತಿತ್ತು. ಓಟದ ಬೂಟುಗಳನ್ನು ಅಟ್ಟಕ್ಕೆ ಹಾಕಿಬಿಟ್ಟೆ.

ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟರು, ನಾಟಿ ಶುರುವಾಯಿತು. ಹುಲಿಗೆಮ್ಮನ ಅಂಗಿಯನ್ನು ಒಗೆಸಿ, ಇಸ್ತ್ರಿ ಮಾಡಿಸಿ, ಒಂದು ಭಾನುವಾರ ಗದ್ದೆಗೇ ಹೋದೆ.

"ಇದನ್ನ ಹಾಕ್ಕೊಂಡು ರಾಡಿಗೆ ಇಳೀಲ್ಯಾ, ಮದುವಿಗೆ ಹೋಗ್ಲ್ಯಾ?" ಎಂದು ನಕ್ಕಳು. ಆಮೇಲೆ ಬದುವಿನ ಮೇಲೆ ನಾನು ಕುಂಟುತ್ತ ನಾಲ್ಕು ಹೆಜ್ಜೆ ಇಟ್ಟದ್ದನ್ನು ನೋಡಿ ನಗು ನಿಲ್ಲಿಸಿದಳು.

"ಎಲುಬು ಕೂಡೈತಿ. ಧೈರ್ಯ ಕೂಡಿಲ್ಲ. ಅಂಗಿ ನೀನ ಹಾಕ್ಕೋ, ಇಳಿ."

"ಯವ್ವಾ, ಬಿದ್ದರ?"

"ಬೀಳು. ರಾಡ್ಯಾಗ ಬಿದ್ರ ಏನ್ ಮುರೀತೈತಿ? ಸೀರಿ ಒಗಕೋಬೇಕು, ಅಷ್ಟ."

ಇಳಿದೆ. ಐದು ನಿಮಿಷದಲ್ಲಿ ಬಿದ್ದೆ. ಏನೂ ಮುರಿಯಲಿಲ್ಲ. ಆರು ತಿಂಗಳ ಮೇಲೆ ಮೊದಲ ಸಲ ಹೊಟ್ಟೆ ತುಂಬ ನಕ್ಕೆ.

ಮನೆಗೆ ಬಂದಾಗ ಅವ್ವ ನನ್ನ ಕೆಸರುಗಾಲು ನೋಡಿ ಕೆಂಡವಾದಳು. ನಮ್ಮಜ್ಜಿ ಜೀವನವಿಡೀ ಬೇರೆಯವರ ಗದ್ದೆಯಲ್ಲಿ ಬಾಗಿದವಳು. ಅಪ್ಪ ಓದಿ, ನೌಕರಿ ಹಿಡಿದು, ಮನೆಯಲ್ಲಿ ಬುದ್ಧನ ಮೂರ್ತಿ ಇಟ್ಟು, ಇನ್ನು ನಮ್ಮ ಹೆಣ್ಣುಮಕ್ಕಳು ಯಾರ ಮುಂದೆಯೂ ಬಾಗಬಾರದು ಎಂದಿದ್ದರು. "ನಿಮ್ಮಪ್ಪ ಈ ರಾಡಿ ಬಿಡಿಸಾಕ ಜೀವಾ ತೇದ. ನೀ ಸಾಲಿ ಪಗಾರ ತಗೊಂಡೂ ಹೋಗಿ ಇಳೀತಿ!" ಎಂದಳು ಅವ್ವ. ಹಿತ್ತಲಿಗೆ ಹೋಗಿ ಕಾಲು ತೊಳೆದುಕೊಂಡೆ. ಆದರೂ ಮುಂದಿನ ಭಾನುವಾರ ಹೋದೆ, ಅದರ ಮುಂದಿನದೂ.

ಹುಲಿಗೆಮ್ಮ ಕಲಿಸಿದ್ದು ಇಷ್ಟೇ. ಹಿಂದಕ್ಕೆ ಕಾಲಿಡುವಾಗ ಮೊದಲಿಗೇ ಹಿಮ್ಮಡಿ ಊರಬಾರದು. "ಮೊದಲ ಬೆರಳು ಕೇಳಬೇಕು, ಆಮ್ಯಾಲ ಹಿಮ್ಮಡ ಒಪ್ಪಬೇಕು." ನಾನು ಪದೇ ಪದೇ ಕತ್ತು ಹೊರಳಿಸಿ ಬದು ಎಷ್ಟು ದೂರ ಎಂದು ನೋಡುತ್ತಿದ್ದೆ. ಅದು ಅವಳಿಗೆ ಆಗುತ್ತಲೇ ಇರಲಿಲ್ಲ. "ಬದೂ ನೋಡಬ್ಯಾಡ ಬೇ, ಹಚ್ಚಿದ್ದು ನೋಡು!" ನಾಟಿ ಹಚ್ಚುವವಳಿಗೆ ಮುಟ್ಟಬೇಕಾದ ಬದು ಯಾವಾಗಲೂ ಬೆನ್ನ ಹಿಂದೆ. ಕಣ್ಣ ಮುಂದೆ ಇರುವುದು ಅವಳು ಹಚ್ಚಿ ಮುಗಿಸಿದ ಹಸಿರು ಮಾತ್ರ. ಬದು ಹತ್ತಿರ ಬಂತೆಂದರೆ ಹುಲಿಗೆಮ್ಮನ ದನಿ ಹಿಂದಿನಿಂದ ಹೇಳುತ್ತಿತ್ತು: "ಇನ್ನ ಹತ್ತು ಹೆಜ್ಜಿ."

ಅವಳ ಗುಂಪಿಗೆ ಒಂದು ಕಾಯ್ದೆ ಇತ್ತು. ಪ್ರತಿಯೊಬ್ಬಳಿಗೂ ಗದ್ದೆಯ ಒಂದೊಂದು ಉದ್ದನೆಯ ಪಟ್ಟಿ, ಎಲ್ಲರೂ ಸಾಲಾಗಿ ಹಿಂದೆ ಸರಿಯಬೇಕು. ಮೊದಲು ಮುಗಿಸಿದವಳು ಬದು ಹತ್ತುವಂತಿಲ್ಲ. ಕಡೆಯವಳು ಬರುವವರೆಗೆ ಎಲ್ಲರೂ ಕೆಸರಿನಲ್ಲೇ ನಿಂತಿರಬೇಕು. ಒಂದು ದಿನ ನಾಗಮ್ಮ ಎಂಬ ಮುದುಕಿ ಬಹಳ ಹಿಂದೆ ಉಳಿದಳು. ಗದ್ದೆಯ ಸಾಹುಕಾರ ಬದುವಿನ ಮೇಲೆ ಬೈಕು ನಿಲ್ಲಿಸಿ, "ಮುಗಿದವರು ಹತ್ತಿ ಬರ್ರಿ, ಆ ಕಡೆ ಇನ್ನೊಂದು ಗದ್ದಿ ಐತಿ. ಆ ಮುದುಕಿ ಬರ್ತಾಳ ನಿಧಾನಕ್ಕ" ಎಂದ.

ಹುಲಿಗೆಮ್ಮ ಸೊಂಟ ನೆಟ್ಟಗೆ ಮಾಡಿದಳು. "ನಮ್ಮದು ಹನ್ನೆರಡು ಮಂದಿ ಗುಂಪು ಧಣಿ. ಹನ್ನೊಂದು ಮಂದಿ ಹತ್ತಿದ್ರ ಅದು ಗುಂಪಲ್ಲ, ಸಂತಿ."

ನಾನು ಅವಳ ಕಿವಿಯಲ್ಲಿ, "ಯವ್ವಾ, ನಾಲ್ಕು ಮಂದಿ ಹೋಗಿ ಆಕಿ ಪಟ್ಟಿಗೆ ಕೈ ಹಚ್ಚಿದ್ರ ಬೇಗ ಮುಗೀತೈತಲ್ಲ?" ಎಂದೆ.

"ಕೈ ಹಚ್ಚಿದ್ರ ಆಕಿ ನಾಳೆ ಕೆಲಸಕ್ಕ ಬರಂಗಿಲ್ಲ. ನಿಂತ್ರ ಬರ್ತಾಳ" ಎಂದಳು. ಸಾಹುಕಾರ ಬೈಕು ತಿರುಗಿಸಿಕೊಂಡು ಹೋದ. ನಾಗಮ್ಮ ಬಂದಳು, ಹನ್ನೆರಡು ಮಂದಿ ಒಟ್ಟಿಗೆ ಬದು ಹತ್ತಿದರು. ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಹಿಂದಿನ ಬೆಂಚಿನ ಮಕ್ಕಳ ನೆನಪಾಗಿ ನಾಚಿಕೆಯಾಯಿತು.

ಆಗಸ್ಟ್ ಮುಗಿಯುವ ಹೊತ್ತಿಗೆ ಕಾಲು ನನ್ನ ಮಾತು ಕೇಳತೊಡಗಿತು. ಬೂಟು ಅಟ್ಟದಿಂದ ಇಳಿಯಿತು. ಓಟದ ಸುದ್ದಿ ಹೇಳಿದಾಗ ಹುಲಿಗೆಮ್ಮ ಬಾಯಿ ತೆರೆದಳು.

"ಐವತ್ತು ಕಿಲೋಮೀಟರಾ? ಯಾಕ, ಬಸ್ ಇಲ್ಲೇನು?"

"ಬಸ್ ಐತಿ ಯವ್ವಾ. ಓಡಬೇಕಂತ ಆಸೆ."

"ನಡುವ ತಿನ್ನಾಕ ಏನ್ ಕೊಡ್ತಾರ?"

"ಬಾಳೆಹಣ್ಣು, ಉಪ್ಪು."

"ಅಯ್ಯ ಶಿವನ! ಬಾಣಂತಿಗೂ ಇದಕಿಂತ ಚಲೋ ಕೊಡ್ತಾರ."

ಡಿಸೆಂಬರಿನ ಆ ಭಾನುವಾರ ಲಿಂಗಸುಗೂರಿನಾಚೆ ಬೆಳಗಿನ ಐದೂವರೆಗೆ ಓಟ ಶುರುವಾಯಿತು. ಸಂಜೆ ನಾಲ್ಕೂವರೆಯೊಳಗೆ ಮಸ್ಕಿ ಮುಟ್ಟಬೇಕು. ತೊಗರಿ ಹೊಲ, ಜಾಲಿಗಿಡ, ಕಲ್ಲುಬಂಡೆ. ನಲವತ್ತು ಕಿಲೋಮೀಟರ್ ತನಕ ನಾನು ರಾಣಿಯ ಹಾಗೆ ಬಂದೆ, ಸುಳ್ಳು ಯಾಕೆ ಹೇಳಲಿ. ಮಸ್ಕಿಯ ಬೆಟ್ಟ ಹತ್ತಿದ್ದೂ ಆಯಿತು. ಇಳಿಯುವಾಗ ಎಡಪಾದ ಕೈಕೊಟ್ಟಿತು. ಮುಂದಕ್ಕೆ ಇಟ್ಟ ಪ್ರತಿ ಹೆಜ್ಜೆಗೂ ಸ್ಕ್ರೂ ಇದ್ದ ಜಾಗದಲ್ಲಿ ಮೊಳೆ ಹೊಡೆದಂತಾಗುತ್ತಿತ್ತು. ಒಂದು ಬಂಡೆಯ ಮೇಲೆ ಕೂತು ಅತ್ತೆ. ದಾರಿ ತೋರಿಸಲು ನಿಂತಿದ್ದ ಸ್ವಯಂಸೇವಕ, "ಮೇಡಂ, ಗಾಡಿ ಕರೀಲೇನ್ರೀ? ಟೈಮಿಗೆ ಮುಟ್ಟಾಕ ಹೆಂಗಿದ್ರೂ ಆಗಂಗಿಲ್ಲ" ಎಂದ. ಹೂಂ ಅನ್ನಲು ಬಾಯಿ ತೆರೆದಿದ್ದೆ.

ಆಗ ನೆನಪಾಯಿತು, ನನ್ನ ಕಾಲಿಗೆ ಮುಂದಕ್ಕಿಂತ ಹಿಂದಕ್ಕೆ ಇಳಿಯುವುದೇ ಚೆನ್ನಾಗಿ ಗೊತ್ತು. ಎದ್ದು ಬೆಟ್ಟದ ಕಡೆ ಮುಖ ತಿರುಗಿಸಿ, ಊರಿಗೆ ಬೆನ್ನು ಹಾಕಿ ಇಳಿಯತೊಡಗಿದೆ. ಬೆರಳು ಕೇಳಿತು, ಹಿಮ್ಮಡಿ ಒಪ್ಪಿತು. ನೋವು ಇತ್ತು, ಆದರೆ ತಡೆಯುವಷ್ಟಿತ್ತು. ಆಡು ಮೇಯಿಸುತ್ತಿದ್ದ ಅಜ್ಜನೊಬ್ಬ, "ಯವ್ವಾ, ಊರು ಈ ಕಡೆ ಐತಿ!" ಎಂದು ಕೂಗಿದ. "ಗೊತ್ತೈತಿ ಬಿಡೋ ಯಜ್ಜಾ!" ಎಂದೆ. ಹಾಗೆ ಇಳಿಯುವಾಗ ತಲೆ ಎತ್ತಿದರೆ, ಬೆಟ್ಟದ ಪಕ್ಕದಲ್ಲಿ ದೂರದವರೆಗೆ ನಾನು ಬೆಳಗಿನಿಂದ ದಾಟಿಬಂದ ನೆಲ ಕಂಡಿತು. ಅಷ್ಟನ್ನೂ ಈ ಮುರಿದ ಕಾಲಿನಲ್ಲಿ ಬಂದಿದ್ದೆ. ಹಚ್ಚಿದ್ದು ನೋಡು ಎಂದವಳ ಮಾತು ಆ ಹೊತ್ತಿಗೆ ಎದೆಗೆ ಇಳಿಯಿತು.

ಬೆಟ್ಟದ ಬುಡಕ್ಕೆ ಬರುವಾಗ ನಾಲ್ಕು ಐವತ್ತಾಗಿತ್ತು. ಮುಕ್ತಾಯದ ಕಮಾನು ಕಿತ್ತಿರುತ್ತಾರೆ, ಯಾರೂ ಇರುವುದಿಲ್ಲ ಎಂದುಕೊಂಡೆ. ಕಡೆಯ ಇಳಿಜಾರಿನಲ್ಲಿ ನನ್ನ ಬೆನ್ನ ಹಿಂದಿನಿಂದ ದನಿ ಬಂತು.

"ಎಡಕ್ಕ ಕಲ್ಲೈತಿ, ಬಲಕ್ಕ ಸರಿ. ಇನ್ನ ಹತ್ತು ಹೆಜ್ಜಿ."

ನಾನು ಅವಳನ್ನು ಕರೆದೇ ಇರಲಿಲ್ಲ. ಹತ್ತು ಹೆಜ್ಜೆ ಎಣಿಸಿಕೊಂಡು ಹಿಂದೆ ಸರಿದೆ. ತಲೆಯ ಮೇಲೆ ಕಮಾನಿನ ಬಟ್ಟೆ ಹಾದು ಹೋದ ಮೇಲೆಯೇ ತಿರುಗಿದೆ. ಹುಲಿಗೆಮ್ಮ ಕಮಾನಿನ ಒಂದು ಕಂಬ ಹಿಡಿದು ನಿಂತಿದ್ದಳು, ಇನ್ನೊಂದನ್ನು ನಾಗಮ್ಮ. ಗುಂಪಿನ ಉಳಿದವರೆಲ್ಲ ಸುತ್ತ ನಿಂತಿದ್ದರು. ತಮಾಷೆಯೆಂದರೆ, ಓಟ ಮುಗಿಸಿದ ಹತ್ತಿಪ್ಪತ್ತು ಜನ ಓಟಗಾರರೂ ಕೈಯಲ್ಲಿ ಬಾಳೆಹಣ್ಣು ಹಿಡಿದು ಶಿಸ್ತಾಗಿ ನಿಂತಿದ್ದರು. "ಹಿಂದ ಇನ್ನ ಒಬ್ಬಾಕಿ ಬರಾಕತ್ಯಾಳ, ಕುಂದ್ರಾಕ ನಾಚಿಕಿ ಬರಂಗಿಲ್ಲೇನು?" ಎಂದು ಬೈದು ಎಬ್ಬಿಸಿದ್ದಳಂತೆ.

ವ್ಯವಸ್ಥೆಯ ಯುವಕ ಬೆವರು ಒರೆಸಿಕೊಳ್ಳುತ್ತ, "ಅರ್ಧ ತಾಸಿನಿಂದ ಕಮಾನು ಬಿಚ್ಚಾಕ ಬಿಟ್ಟಿಲ್ಲ ನೋಡ್ರಿ ಇವರು. ಆದ್ರ ಮೇಡಂ, ಟೈಮ್ ಮೀರೇತಿ. ಪದಕ ಕೊಡಾಕ ಬರಂಗಿಲ್ಲ" ಎಂದ.

"ಪದಕ ನೀನ ಇಟಗೋ ತಮ್ಮಾ" ಎಂದಳು ಹುಲಿಗೆಮ್ಮ. "ನಮ್ಮಾಕಿ ದಂಡಿಗೆ ಬಂದಾಳ. ಈಗ ಕಮಾನು ಕಿತ್ಕೋ." ಆಮೇಲೆ ನನ್ನ ಗದ್ದ ಹಿಡಿದು ಎಲ್ಲರಿಗೂ ತೋರಿಸುತ್ತ, "ನೋಡ್ರಿ, ಮುರಿದ ಕಾಲು! ಐವತ್ತು ಕಿಲೋಮೀಟರ!" ಎಂದು ಕೂಗಿದಳು. ನಾನು ಬಹುಮಾನಗಳನ್ನು ಕಂಡವಳೇ. ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಅವಳನ್ನು ಕಡೆಯ ಸಲ ಕಂಡದ್ದು ಮೇ ತಿಂಗಳಲ್ಲಿ, ಮಾವಿನಹಣ್ಣು ಕೊಡಲು ಹೋದಾಗ. ಹೊಸ್ತಿಲ ಮೇಲೆ ಕೂತಿದ್ದಳು. ಸುಮ್ಮನೆ ಕೂತಿದ್ದ ಹುಲಿಗೆಮ್ಮನನ್ನು ನಾನು ಕಂಡದ್ದು ಅದೇ ಮೊದಲು. ಎದೆ ಭಾರ ಎಂದಳು. ಸಿಂಧನೂರಿಗೆ ಕರೆದುಕೊಂಡು ಹೋಗುತ್ತೇನೆ ಎಂದರೆ, "ನೆಲ್ಲು ಹಚ್ಚೋದು ಮುಗೀಲಿ" ಎಂದಳು. ನನ್ನ ಪಾದ ತೆಗೆದುಕೊಂಡು ಗಾಯದ ಗುರುತನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಈ ವರ್ಷಾನೂ ಓಡು. ಕಂಬ ಹಿಡ್ಯಾಕ ಬರ್ತೀನಿ." ಜೂನಿನಲ್ಲಿ, ಕಾಲುವೆಗೆ ನೀರು ಬಿಡುವ ಮೊದಲೇ, ಒಂದು ಬೆಳಗ್ಗೆ ಅವಳು ಏಳಲಿಲ್ಲ. ಎಳೆದುಕೊಂಡಾದರೂ ಆಸ್ಪತ್ರೆಗೆ ಹೋಗಬೇಕಿತ್ತು ಎಂದು ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಈ ಜುಲೈನ ಮೊದಲ ಭಾನುವಾರ ನಾನು ಹೊರಟು ನಿಂತಾಗ ಅವ್ವ ರೊಟ್ಟಿಯ ಬುತ್ತಿ ಕಟ್ಟಿ ಕೈಗಿಟ್ಟಳು. "ಆಕಿ ಪಟ್ಟಿ ಖಾಲಿ ಬಿಡಬ್ಯಾಡ" ಎಂದಳಷ್ಟೇ. ಹುಲಿಗೆಮ್ಮನ ಅಂಗಿ ತೊಟ್ಟು, ಅವಳ ಪಟ್ಟಿಗೆ ಇಳಿದೆ. ನನ್ನ ಕೈ ಇನ್ನೂ ನಿಧಾನ. ಅಕ್ಕಪಕ್ಕದವರೆಲ್ಲ ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹಿಂದೆ ಸರಿದು ಹೋದರು. ಮುಂದೆ ನಾನು ಹಚ್ಚಿದ ಸೊಟ್ಟ ಸಾಲುಗಳು, ಹಿಂದೆ ಕಾಣದ ಬದು. ಇನ್ನು ಹತ್ತು ಹೆಜ್ಜೆ ಎಂದು ಯಾರೂ ಹೇಳಲಿಲ್ಲ. ಕಣ್ಣು ತುಂಬಿ ಸಸಿ ಮಸುಕಾಯಿತು. ಕೈ ನಿಲ್ಲಿಸಲಿಲ್ಲ. ಕಡೆಗೆ ಹಿಮ್ಮಡಿಗೆ ಬದುವಿನ ಗಟ್ಟಿ ಮಣ್ಣು ತಾಗಿತು.

ಬೆನ್ನು ನೆಟ್ಟಗೆ ಮಾಡಿ ತಿರುಗಿ ನೋಡಿದೆ. ಒಬ್ಬರೂ ಬದು ಹತ್ತಿರಲಿಲ್ಲ. ಹನ್ನೊಂದು ಮಂದಿಯೂ ಕೆಸರಿನಲ್ಲೇ ನಿಂತಿದ್ದರು.

ನಾಗಮ್ಮ ಕೈ ಝಾಡಿಸಿಕೊಂಡಳು. "ಹನ್ನೆರಡಾತು" ಎಂದಳು. "ಹತ್ರಿ ಇನ್ನ."