ಗಿಡದಲ್ಲೇ ಅರಳಿದ ಮಲ್ಲಿಗೆ

ನಮ್ಮ ತೋಟದ ಮಲ್ಲಿಗೆಯೆಲ್ಲ ಗಿಡದಲ್ಲೇ ಅರಳಿದ್ದು ಒಂದೇ ಒಂದು ದಿನ. ಅದು ಅಮ್ಮ ಸತ್ತ ದಿನ. ನನ್ನ ತಂಗಿ ಸಿಸಿಲಿ ಅದನ್ನು ಹಬ್ಬ ಎನ್ನುತ್ತಾಳೆ. ಹಬ್ಬವೂ ಇಲ್ಲ, ಎಂತದೂ ಇಲ್ಲ. ಹೆಣ ಮನೆಯೊಳಗಿತ್ತು, ಮೊಗ್ಗು ಕೊಯ್ಯಲು ಯಾರೂ ಇರಲಿಲ್ಲ, ಅರಳಿತು. ನಡೆದದ್ದು ಇಷ್ಟೇ.

ಇದೆಲ್ಲ ಈಗ ಮೇಲೆದ್ದು ಬಂದದ್ದು ಬಣ್ಣದ ವಾಸನೆಗೆ. ಮಣಿಪಾಲದಲ್ಲಿ ಮಗಳ ಮನೆಯ ಬಾಲ್ಕನಿಯಲ್ಲಿ ಕೂತು ಮೊಮ್ಮಗಳ ಅಕ್ರಿಲಿಕ್ ಟ್ಯೂಬು ಒತ್ತಿದೆ; ಹೊಸ ಪ್ಲಾಸ್ಟಿಕ್ ಕೊಡಪಾನದಂಥ ವಾಸನೆ ಬಂತು. ಹೂವಿನ ವಾಸನೆ ಅದರಲ್ಲಿ ಚೂರೂ ಇಲ್ಲ. ಆದರೂ ಕ್ಯಾನ್ವಾಸಿನ ಮೇಲೆ ಹಸಿರು ಹರಡುತ್ತಿದ್ದ ಹಾಗೆ ಕಟಪಾಡಿಯ ಹತ್ತಿರದ ನಮ್ಮ ಅಂಗಳ, ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲು ಎಲ್ಲ ಕಣ್ಣ ಮುಂದೆ ಬಂದು ನಿಂತವು. ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಹೋಯಿತು, ಬಾವಿ ಇದ್ದ ಜಾಗದ ಮೇಲೆ ಬಸ್ಸು ಓಡುತ್ತದೆ. ನಿಮ್ಮ ಬಾವಿಯೂ ಎಲ್ಲೋ ಡಾಮರಿನ ಅಡಿಯಲ್ಲಿ ಇದ್ದೀತು.

ಚಿತ್ರ ಬೇಕೆಂದದ್ದು ಸಿಸಿಲಿಯೇ. ಅವಳು ಇರುವುದು ಕಾರ್ಕಳದ ಪಕ್ಕ, ಕುಕ್ಕುಂದೂರಿನಲ್ಲಿ. ಒಂದು ಕಣ್ಣು ಹೋಗಿ ಆಗಿದೆ. ಇನ್ನೊಂದಕ್ಕೆ ಆಪರೇಷನ್. ಉಳಿಯುತ್ತದೆ ಎಂದು ಡಾಕ್ಟರರು ಹೇಳಲಿಲ್ಲ, "ನೋಡುವ" ಎಂದರು. ಆ ಮಾತು ಕೇಳಿದಂದಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಅವಳು ಮಾತ್ರ ಫೋನಿನಲ್ಲಿ ನಗುತ್ತಾ, "ಅಕ್ಕಾ, ಕಣ್ಣು ಇರುವಾಗ ನಮ್ಮ ತೋಟ ಒಮ್ಮೆ ನೋಡಬೇಕು. ಫೋಟೋ ಅಂತೂ ಇಲ್ಲ. ನೀನೇ ಬಿಡಿಸಿ ಕೊಡು. ಆ ಹಬ್ಬದ ದಿನದ ಹಾಗೆ ಇರಬೇಕು, ಎಲ್ಲ ಅರಳಿ" ಎಂದಳು.

"ನಾನೆಂತ ಚಿತ್ರ ಬಿಡಿಸುವವಳಾ?"

"ದಿಂಬಿನ ಬಟ್ಟೆಗೆ ಹೂ ಹೊಲಿಯುತ್ತಿದ್ದಿಯಲ್ಲ ಮಾರಾಯ್ತಿ. ಅಷ್ಟು ಬಂದರೆ ಸಾಕು."

ಮಲ್ಲಿಗೆ ಬೆಳೆದು ಮಾರುವ ಮನೆಯವರು ಅರಳಿದ ಮಲ್ಲಿಗೆ ನೋಡುವುದಿಲ್ಲ. ಬೆಳಕು ಹರಿಯುವ ಮೊದಲೇ ಅಮ್ಮ ನಮ್ಮನ್ನು ಎಬ್ಬಿಸುತ್ತಿದ್ದಳು. ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು, ಇಬ್ಬನಿಯಲ್ಲಿ ಒದ್ದೆಯಾದ ಗಿಡದ ನಡುವೆ ಬೆರಳಿನಿಂದ ಹುಡುಕಿ ಹುಡುಕಿ ಮೊಗ್ಗು ಕೊಯ್ಯುವುದು, ಆಮೇಲೆ ಜಗಲಿಯಲ್ಲಿ ಕೂತು ನೆನೆಸಿದ ಬಾಳೆನಾರಿನಲ್ಲಿ ಕಟ್ಟುವುದು. ಹೂವಿನವನ ಸೈಕಲ್ ಬೆಲ್ಲು ಕೇಳುವುದರೊಳಗೆ ಮುಗಿಯಬೇಕು. ಅರಳಿದ ಹೂ ಅವನಿಗೆ ಬೇಡ. ಎಲೆಯಡಿಯಲ್ಲಿ ಅಡಗಿ ಅರಳಿದ್ದು ಒಂದು ಸಿಕ್ಕಿದರೂ ಅಮ್ಮ ಅದನ್ನು ನಮ್ಮ ಮೂಗಿನ ಹತ್ತಿರ ಹಿಡಿದು, "ಇದು ಯಾರ ಕಣ್ಣಿಗೆ ಬೀಳದೆ ಹೋದದ್ದು?" ಎನ್ನುತ್ತಿದ್ದಳು. ಒಗೆಯುವ ಕಲ್ಲಿನ ಸುತ್ತ ಇದ್ದ ಕೆಂಪು ದಾಸವಾಳ, ಹಳದಿ ಗೊಂಡೆ, ನೇರಳೆ ಡೇಲಿಯಾ, ಇವು ಮನೆಯೊಳಗಿನ ಅಲ್ಟಾರಿನ ಶಿಲುಬೆಗೆ ಇಡುವ ಹೂಗಳು. ಅವು ಎಷ್ಟು ಬೇಕಾದರೂ ಅರಳಬಹುದಿತ್ತು.

ಜ್ವರ ಬಂದ ಮೇಲೂ ಅಮ್ಮ ಕೊಯ್ಯುವುದನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ನಮ್ಮನ್ನು ಯಾರೂ ಎಬ್ಬಿಸಲಿಲ್ಲ. ಮುಖಕ್ಕೆ ಬಿಸಿಲು ಬಿದ್ದು ಎಚ್ಚರವಾದಾಗ ಮೊದಲು ಆದದ್ದು ಹೆದರಿಕೆ: ಮೊಗ್ಗೆಲ್ಲ ಹಾಗೇ ಇದೆ, ಬೈಗುಳ ತಿನ್ನಬೇಕು. ಬೈಯುವವಳು ಇಲ್ಲ ಎಂದು ಗೊತ್ತಾದದ್ದು ಅಡುಗೆಮನೆಯಲ್ಲಿ ನೆರೆಮನೆಯ ಹೆಂಗಸರನ್ನು ಕಂಡಾಗ. ಸಂಜೆ ಹೊತ್ತಿಗೆ ತೋಟವೆಲ್ಲ ಬಾಯಿ ಬಿಟ್ಟು ಅರಳಿತು. ಆ ಬಿಳಿ, ಆ ವಾಸನೆ; ನಾನು ಮೂಗು ಮುಚ್ಚಿಕೊಂಡೆ. ಸಿಸಿಲಿ ಆಗ ತೊದಲು ಮಾತಿನ ಮಗು, ಲಂಗದ ತುಂಬ ಹೂ ಕಿತ್ತುಕೊಂಡು ಅಂಗಳದಲ್ಲಿ ಓಡಾಡಿದಳು, ಯಾರೂ ತಡೆಯಲಿಲ್ಲ. ಒಳಗೆ ಅಮ್ಮನಿಗೆ ನಮ್ಮ ಕಡೆಯ ಕ್ರೈಸ್ತರ ಪದ್ಧತಿಯಂತೆ ಮದುವೆಯ ಕೆಂಪು ಸೀರೆ ಉಡಿಸಿ ಮಲಗಿಸಿದ್ದರು. ಮೇಣದ ಬತ್ತಿ, ಜನ, ಚಾಪೆ. ಮರುದಿನ ಅಮ್ಮ ಎಲ್ಲಿ ಎಂದು ಸಿಸಿಲಿ ಕೇಳಿದಾಗ ದೊಡ್ಡವರು ಆಸ್ಪತ್ರೆಗೆ ಹೋಗಿದ್ದಾಳೆ ಎಂದರು. ಸತ್ತಳು ಎಂದು ಹೇಳಿದ್ದು ಎಷ್ಟೋ ಕಾಲದ ಮೇಲೆ. ನಾನು ಶಾಲೆ ಬಿಟ್ಟು ಬುಟ್ಟಿ ಕಟ್ಟಿಕೊಂಡೆ. ಅವಳ ತಲೆಯಲ್ಲಿ ಆ ಸಂಜೆ ಹಬ್ಬವಾಗಿಯೇ ಉಳಿಯಿತು. ಅಮ್ಮನದೆಂದು ಅವಳಿಗೆ ನೆನಪಿರುವುದು ಅದೊಂದೇ.

ಅಕ್ರಿಲಿಕ್ ಎಂಬುದು ಪುರುಸೊತ್ತು ಕೊಡದ ಬಣ್ಣ. "ಬೇಗ ಅಜ್ಜಿ, ಬೇಗ! ಅದು ನಿಮಗೆ ಕಾಯುವುದಿಲ್ಲ" ಎಂದು ಮೊಮ್ಮಗಳು ಹಿಂದೆ ನಿಂತು ಹೇಳುವಳು. ದಾಸವಾಳಕ್ಕೆ ಕೆಂಪು ಕಲಸುವುದರೊಳಗೆ ತಟ್ಟೆಯ ಹಳದಿ ಕೆನೆಗಟ್ಟುತ್ತದೆ, ಬ್ರಶ್ಶು ಕಡ್ಡಿಯಾಗುತ್ತದೆ. ಡೇಲಿಯಾದ ಎಸಳು ಬ್ರಶ್ಶು ಒತ್ತಿ ಎಳೆದರೆ ತಾನಾಗಿ ಬಂತು. ಮಲ್ಲಿಗೆಗೆ ಬಂದಾಗ ಕೈ ನಿಂತಿತು. ಅರಳಿದ್ದನ್ನು ಬರೆಯಲು ನನ್ನಿಂದ ಆಗಲಿಲ್ಲ. ಹಸಿರಿನ ಮೇಲೆ ಮೊಗ್ಗು ಇಟ್ಟೆ, ಬರೀ ಮೊಗ್ಗು.

ಕಣ್ಣಿನ ಕೊನೆಯ ತಪಾಸಣೆಗೆಂದು ಮಣಿಪಾಲಕ್ಕೆ ಬಂದ ಸಿಸಿಲಿ ಆಸ್ಪತ್ರೆಯಿಂದ ಸೀದಾ ನಮ್ಮಲ್ಲಿಗೆ ಬಂದಳು. ಆಪರೇಷನ್ ನಾಡಿದ್ದು. ಕ್ಯಾನ್ವಾಸಿಗೆ ಮೂಗು ತಾಗುವಷ್ಟು ಬಗ್ಗಿದಳು.

"ಡೇಲಿಯಾ ಲಾಯ್ಕುಂಟು. ಇದೆಂತ ಅಕ್ಕಾ, ಗಿಡದ ಮೇಲೆ ಅಕ್ಕಿ ಚೆಲ್ಲಿದ್ದಾ?"

"ಮೊಗ್ಗು."

"ಮೊಗ್ಗು ಯಾರಿಗೆ ಬೇಕು? ನೀನು ಇದನ್ನೂ ಕೊಯ್ದು ಮಾರುತ್ತೀಯಾ?"

"ನಮ್ಮಲ್ಲಿ ಮಲ್ಲಿಗೆ ಅರಳಲು ಬಿಡುತ್ತಿರಲಿಲ್ಲ ಸಿಸಿಲಿ."

"ಅರಳಿತ್ತು. ನನ್ನ ಮಡಿಲು ತುಂಬ ಇತ್ತು. ಅಮ್ಮ ಕೆಂಪು ಸೀರೆ ಉಟ್ಟು ಮಲಗಿದ್ದಳು. ಪಾಪ, ಹಬ್ಬದ ಕೆಲಸ ಮಾಡಿ ದಣಿದಿದ್ದಳೋ ಏನೋ. ನಾನು ಎಬ್ಬಿಸಲಿಲ್ಲ." ಕ್ಯಾನ್ವಾಸಿನಿಂದ ಮುಖ ಎತ್ತಿ ಕೇಳಿದಳು, "ಅದು ಯಾವ ಹಬ್ಬ ಅಕ್ಕಾ?"

ಇಷ್ಟು ವರ್ಷದಲ್ಲಿ ಅವಳು ಕೇಳಿರಲಿಲ್ಲ. ನನ್ನ ಬಾಯಿಗೆ ನೆಂಟರೆಲ್ಲ ಹೆದರುತ್ತಾರೆ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆಂದು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅವಳಿಂದ ಹೋಗುವುದು ಹಬ್ಬವೊಂದೇ ಅಲ್ಲ. ಬದುಕಿದ್ದ ಅಮ್ಮನನ್ನು ತಾನು ಕಂಡ ನೆನಪೇ ಇಲ್ಲ ಎಂದು ಗೊತ್ತಾಗುತ್ತದೆ. ಅದೂ ಈಗ, ಕಣ್ಣು ಹೋಗುವುದೋ ಇರುವುದೋ ತಿಳಿಯದ ಹೊತ್ತಿನಲ್ಲಿ.

"ಎಂತದೋ ಒಂದು ಹಬ್ಬ," ಎಂದೆ. "ನನಗೂ ನೆನಪಿಲ್ಲ."

"ನಿನಗೆ ನೆನಪಿಲ್ಲದ್ದೂ ಉಂಟಾ!" ಎಂದು ನಕ್ಕು, ಚಾ ಕುಡಿದು, ಕತ್ತಲಾಗುವ ಮುಂಚೆ ಕುಕ್ಕುಂದೂರಿಗೆ ಹೊರಟಳು. ಮೆಟ್ಟಿಲು ಇಳಿಯುವಾಗ ಗೋಡೆ ಮುಟ್ಟಿ ಮುಟ್ಟಿ ಇಳಿದಳು.

ಮರುದಿನ ಬೆಳಕು ಹರಿಯುವ ಮೊದಲೇ ಎದ್ದೆ. ಬಿಳಿಯ ಟ್ಯೂಬನ್ನು ಹಿಂಡಿ, ಒಂದೊಂದೇ ಮೊಗ್ಗಿನ ಮೇಲೆ ಬಣ್ಣ ಇಟ್ಟು ಎಸಳು ಬಿಡಿಸಿದೆ, ಎಲೆಯಡಿಯಲ್ಲಿ ಅಡಗಿದ್ದನ್ನೂ ಬಿಡಲಿಲ್ಲ. ದಪ್ಪಗೆ ಇಟ್ಟ ಬಣ್ಣ ಪೂರ್ತಿ ಒಣಗುವುದಕ್ಕೆ ಕಾಯದೆ ಚಿತ್ರವನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕಾರ್ಕಳದ ಮೊದಲ ಬಸ್ಸಿನಲ್ಲಿ ಕೂತೆ.