ಪೈಪಿಗೆ ಕಟ್ಟಿದ ಮುಡಿಪು

ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ವಾಷಿಂಗ್ ಮಷೀನಿನ ಪೈಪಿಗೆ ಕುಂಕುಮ ಹಚ್ಚುತ್ತಿದ್ದೆವು.

ನಗಬೇಡಿ. ಅಥವಾ ನಕ್ಕುಬಿಡಿ, ಈಗ ನಾವೂ ನಗುತ್ತಿದ್ದೇವೆ.

ಮಷೀನು ಇರುವುದು ಮಕ್ತಲ್‌ನ ನಮ್ಮ ಮನೆಯ ಬಚ್ಚಲಿನ ಮೂಲೆಯಲ್ಲಿ. ಕೊಳಕು ನೀರು ಹೋಗುವ ಪೈಪು ಅದರ ಹಿಂದೆ, ಗೋಡೆಯ ಸಂದಿಯ ಕತ್ತಲಲ್ಲಿ ಬಿದ್ದಿರುತ್ತದೆ. ಅಲ್ಲಿಗೆ ಬಗ್ಗಿ ನೋಡುತ್ತಿದ್ದವಳು ಮನೆಯಲ್ಲಿ ಒಬ್ಬಳೇ, ನನ್ನ ಹೆಂಡತಿ ಸರೋಜ. ಕಳೆದ ಮಳೆಗಾಲದಲ್ಲಿ ಜ್ವರ ಅಂತ ಮಲಗಿದವಳು ಏಳಲಿಲ್ಲ. (ಈ ಅಂಕಣ ಕೆಲವು ವಾರ ಬರದೇ ಹೋದದ್ದು ನಿಮಗೆ ನೆನಪಿರಬಹುದು.)

ಅವಳ ತಿಥಿಕರ್ಮ ಮುಗಿದ ಮೇಲೆ ಮನೆ ತೊಳೆಯಲು ನಿಂತವಳು ಗದ್ವಾಲದಿಂದ ಬಂದಿದ್ದ ನನ್ನ ಅಕ್ಕ. ಪೊರಕೆ ಹಿಡಿದು ಬಚ್ಚಲಿಗೆ ಹೋದವಳು “ಅಯ್ಯ ಶಿವನೇ!” ಅಂತ ಕೂಗಿದಳು. ಹಾವು ಬಂತೇನೋ ಎಂದು ಎಲ್ಲರೂ ಓಡಿದೆವು.

ಹಾವಲ್ಲ. ಪೈಪಿನ ತುದಿಯಲ್ಲಿ ಒಂದು ಹಳದಿ ಬಟ್ಟೆಯ ಗಂಟು. ಒಳಗೆ ಏನೋ ಇದ್ದು ಉಬ್ಬಿಕೊಂಡಿತ್ತು.

“ಮುಡಿಪು ಐತಿ! ಯಾರೂ ಕೈ ಹಚ್ಚಬ್ಯಾಡ್ರಿ. ಸರೋಜ ಏನೋ ಹರಕಿ ಹೊತ್ತು ಕಟ್ಯಾಳ” ಅಂದಳು ಅಕ್ಕ.

ಹಳದಿ ಬಟ್ಟೆಯಲ್ಲಿ ಕಾಣಿಕೆ ಕಟ್ಟಿಟ್ಟು, ಬೇಡಿಕೊಂಡದ್ದು ಆದ ಮೇಲೆ ದೇವರಿಗೆ ಒಪ್ಪಿಸುವುದು ನಮ್ಮ ಕಡೆ ಮನೆಮನೆಯಲ್ಲೂ ಉಂಟು. ಆದರೆ ಬಚ್ಚಲಲ್ಲಿ?

“ಮುಡಿಪನ್ನ ಯಾರಾರ ಇಲ್ಲಿ ಕಟ್ತಾರೇನಕ್ಕಾ?” ಎಂದೆ.

“ಮತ್ತ? ದೇವರ ಮನ್ಯಾಗ ಕಟ್ಟಿದ್ರ ನೀ ಸುಮ್ನ ಇರ್ತಿದ್ದೇನು? ಯಾಕ, ಏನು ಅಂತ ಕೇಳಿ ಕೇಳಿ ಆಕಿ ತಲಿ ತಿಂತಿದ್ದಿ. ಈ ಮನ್ಯಾಗ ನೀ ಬಗ್ಗಿ ನೋಡದ ಜಾಗ ಅಂದ್ರ ಇದೊಂದೇ!”

ಅಕ್ಕ ತೀರ್ಪು ಕೊಟ್ಟಳು. ಇದು ನಾವು ನಡೆದುಕೊಳ್ಳುವ ಮಲ್ದಕಲ್ ದೇವರದೇ ಇರಬೇಕು. ಮನೆಯಲ್ಲಿ ಬಿಚ್ಚುವ ಹಾಗಿಲ್ಲ, ಅಲ್ಲಿಗೆ ಒಯ್ದು ದೇವರ ಮುಂದೆಯೇ ಬಿಚ್ಚಬೇಕು. ಆದರೆ ಸೂತಕದ ಮನೆ, ವರ್ಷ ತುಂಬುವವರೆಗೆ ಗುಡಿಯ ಮೆಟ್ಟಿಲು ಹತ್ತುವಂತಿಲ್ಲ. ಅಲ್ಲಿಯ ತನಕ ಕುಂಕುಮ ಹಚ್ಚಿ ಕೈಮುಗಿದರೆ ಸಾಕು. ಸೊಸೆ ಸುನೀತಾ ತಲೆಯಾಡಿಸಿದಳು. ಪಾಪ, ಹಿರಿಯರ ಮಾತು.

ನಾನೂ ಒಪ್ಪಿದೆ. ಅದಕ್ಕೆ ಕಾರಣ ಬೇರೆ ಇತ್ತು. ಅದರ ಹಿಂದಿನ ವರ್ಷ ನನ್ನ ಎದೆಗೆ ಸ್ಟೆಂಟ್ ಹಾಕಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಸರೋಜ ತುಟಿ ಅಲ್ಲಾಡಿಸುತ್ತಾ ಕೂತಿದ್ದು ನೋಡಿದ್ದೆ. ಹರಕೆ ನನ್ನ ಸಲುವಾಗಿಯೇ ಅಂತ ಮನಸ್ಸು ಹೇಳಿತು. ನಾನು ಉಳಿದೆ, ಅವಳು ಹೋದಳು. ಅವಳು ಹೊತ್ತ ಹರಕೆಯಾದರೂ ಸರಿಯಾಗಿ ಮುಟ್ಟಲಿ. ಅವಳಿಗಾಗಿ ನಾನು ಮಾಡಬಹುದಾದ ಕೆಲಸ ಅಂತ ಉಳಿದದ್ದು ಅದೊಂದೇ ಅಲ್ಲವೇ?

ಬೆಳಿಗ್ಗೆ ಹಲ್ಲುಜ್ಜುವಾಗ ಆ ಗಂಟಿನ ಕಡೆ ಒಮ್ಮೆ ನೋಡುತ್ತಿದ್ದೆ. ಸಮಾಧಾನವಾಗುತ್ತಿತ್ತು.

ಸಮಾಧಾನ ಆಗದಿದ್ದದ್ದು ಮಷೀನಿಗೆ. ನೀರು ಹೊರಗೆ ಹೋಗುವುದು ವಾರದಿಂದ ವಾರಕ್ಕೆ ನಿಧಾನವಾಯಿತು. ಕೊನೆಗೆ ತೊಟ್ಟಿಕ್ಕತೊಡಗಿತು. ನಾರಾಯಣಪೇಟೆಯಿಂದ ಮೆಕ್ಯಾನಿಕ್ ಬಂದ. ಮಷೀನನ್ನು ಮುಂದಕ್ಕೆ ಎಳೆದು, ಸೀದಾ ಗಂಟಿಗೇ ಕೈ ಹಾಕಿದ.

“ಏ ಏ! ಮುಡಿಪು ಅದು!” ನಾನು, ಸುನೀತಾ ಒಟ್ಟಿಗೇ ಕೂಗಿದೆವು.

ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಕೆನ್ನೆ ಕೆನ್ನೆ ಬಡಿದುಕೊಂಡ. ಆಮೇಲೆ ಮಷೀನಿನ ಬೆನ್ನು ಬಿಚ್ಚಿ, ಎಲ್ಲ ನೋಡಿ, ಮತ್ತೆ ಮುಚ್ಚಿದ.

“ಮಷೀನ್‌ದಾಗ ಏನೂ ತಪ್ಪಿಲ್ಲ ಸಾರ್. ದೇವುಡಾ, ನೀಳ್ಳಾ? ದೇವರೋ, ನೀರೋ, ಎರಡರಾಗ ಯಾವುದಾರ ಒಂದು ಹೇಳ್ರಿ. ಆರಿಸಿಕೊಂಡ ಮ್ಯಾಲ ಫೋನ್ ಮಾಡ್ರಿ.”

ನಾನು ದೇವರನ್ನೇ ಆರಿಸಿಕೊಂಡೆ. ವರ್ಷ ತುಂಬಲು ಇನ್ನೇನು ಬಹಳ ದಿನ ಉಳಿದಿರಲಿಲ್ಲ.

ಹೋದ ವಾರ ಬಚ್ಚಲಿಂದ ಸಪ್ಪಳ ಕೇಳಿ ಇಣುಕಿದೆ. ಸುನೀತಾ ಮಷೀನಿನೊಳಕ್ಕೆ ಬಗ್ಗಿ ಸೋಪಿನ ನೀರನ್ನು ಚೊಂಬಿನಿಂದ ಮೊಗೆಮೊಗೆದು ಹೊರಗೆ ಹಾಕುತ್ತಿದ್ದಳು. ಅವಳೀಗ ಏಳು ತಿಂಗಳ ಬಸುರಿ. ಒಂದು ಕೈ ಸೊಂಟದ ಮೇಲಿತ್ತು.

“ಎಷ್ಟು ದಿನದಿಂದ ಹಿಂಗ ಮಾಡಾಕ ಹತ್ತಿಯವ್ವಾ?”

“ಇರ್ಲಿ ಬಿಡ್ರಿ ಮಾಮಾ. ಅತ್ತಿ ಮುಡಿಪು...”

ಸರೋಜ ಇದ್ದಿದ್ದರೆ? ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಓಣಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದಳು. ದೇವರೂ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದ.

ಕೈಕಾಲು ತೊಳೆದು, ತಪ್ಪಾಯಿತೆಂದು ಮನಸ್ಸಿನಲ್ಲೇ ಹೇಳಿ, ಮಷೀನಿನ ಹಿಂದೆ ಕೂತೆ. ಅವಳು ಕಟ್ಟಿದ ಗಂಟು. ಬಿಚ್ಚಿದರೆ ಮತ್ತೆ ಅವಳು ಕಟ್ಟುವುದಿಲ್ಲ.

ಬಿಗಿಯಾಗಿರಬಹುದೆಂದು ಉಗುರು ಹಾಕಿದೆ. ಒಂದು ಗಿಡ್ಡ ಎಳೆ ಬೆರಳಿಗೆ ಸಿಕ್ಕಿತು. ಜಗ್ಗಿದೆ. ಸರ್ರನೆ ಬಿಚ್ಚಿಕೊಂಡಿತು!

ಜಾರುಗಂಟು. ಮಗ್ಗದ ಮನೆಯವರು ಹಾಕುವಂಥದ್ದು. ಸರೋಜ ನಾರಾಯಣಪೇಟೆಯ ನೇಕಾರರ ಮಗಳು. ಆದರೆ ಮುಡಿಪಿಗೆ ಯಾರಾದರೂ ಜಾರುಗಂಟು ಹಾಕುತ್ತಾರೆಯೇ? ಇದು ಮತ್ತೆ ಮತ್ತೆ ಬಿಚ್ಚುವುದಕ್ಕೆಂದೇ ಕಟ್ಟಿದ ಗಂಟು.

ಬಟ್ಟೆ ಕೈಗೆ ಬಂತು. ಹಿಂದೆಯೇ ಪೈಪಿನ ಬಾಯಿಂದ ನೀರು ಭುಸ್ಸೆಂದು ನನ್ನ ಮಡಿಲಿಗೇ ಬಿತ್ತು. ಆ ಬಟ್ಟೆಯನ್ನು ಪೈಪಿನ ಬಾಯಿಗೇ ಚೀಲದ ಹಾಗೆ ಕಟ್ಟಿದ್ದಳು. ಒಳಗೆ ಕಾಯಿಯೂ ಇಲ್ಲ, ಕಾಣಿಕೆಯೂ ಇಲ್ಲ. ಬಟ್ಟೆಗಳಿಂದ ಉದುರಿದ ನೂಲಿನ ಜುಂಗು, ಒದ್ದೆ ಕಂಬಳಿಯ ತುಂಡಿನ ಹಾಗೆ ದಪ್ಪಗೆ ಕೂತಿತ್ತು.

ಆಗ ನೆನಪಾಯಿತು. ಒಂದು ಸಲ ಅಂಗಳದ ಕೆಳಗಿನ ಮೋರಿ ಕಟ್ಟಿಕೊಂಡು ಹಾಸಿದ ಕಲ್ಲನ್ನೆಲ್ಲ ಎಬ್ಬಿಸಬೇಕಾಗಿತ್ತು. ಒಳಗಿಂದ ಬಂದದ್ದು ಇಂಥದೇ ಜುಂಗಿನ ಮುದ್ದೆ. ಸರೋಜ ಅದನ್ನು ಕಡ್ಡಿಯಿಂದ ತಿರುವಿ ನೋಡಿ, “ಎಲ್ಲಾ ನಿಮ್ಮ ಲುಂಗಿನೇ ಐತಿ ನೋಡ್ರಿ” ಅಂದಿದ್ದಳು. ಆಮೇಲೆ ಮೋರಿ ಎಂದೂ ಕಟ್ಟಲಿಲ್ಲ. ಯಾಕೆ ಕಟ್ಟಲಿಲ್ಲ ಅಂತ ನಾನು ಕೇಳಿರಲೂ ಇಲ್ಲ. (ಎಲ್ಲ ಕೇಳಿ ತಲೆ ತಿನ್ನುವವನು!) ತವರಲ್ಲಿ ನೂಲಿಗೆ ಹಚ್ಚುವ ಗಂಜಿಯನ್ನು ಬಟ್ಟೆ ಕಟ್ಟಿ ಸೋಸುತ್ತಾರಲ್ಲ, ಹಾಗೆಯೇ ಇಲ್ಲಿ ನಮ್ಮ ಮನೆಯ ಕೊಳೆಯನ್ನು ಸೋಸುತ್ತಿದ್ದಳು.

ಜುಂಗನ್ನು ಬೆಳಕಿಗೆ ಹಿಡಿದೆ. ಮೇಲಿನ ಪದರ ಬರೀ ಬೂದಿ ಬಣ್ಣ, ಅವಳಿಲ್ಲದ ತಿಂಗಳುಗಳದ್ದು. ಬಟ್ಟೆಗೆ ಅಂಟಿದ ಕೆಳಗಿನ ಪದರದಲ್ಲಿ ಅವಳ ದಿನಬಳಕೆಯ ಸೀರೆಯ ಕೆಂಪು ಇತ್ತು. ಅದರೊಳಗೆ ಅಲ್ಲಲ್ಲಿ ನನ್ನ ಲುಂಗಿಯ ಹಸಿರು.

ಸುನೀತಾ ಬಾಗಿಲಿಗೆ ಒರಗಿ ನಿಂತಿದ್ದಳು. ಮೊದಲು ಬಾಯಿ ಮುಚ್ಚಿಕೊಂಡಳು. ಆಮೇಲೆ ತಡೆಯಲಾಗಲಿಲ್ಲ. “ಮಾಮಾ, ಮಲ್ದಕಲ್‌ಗೆ ಒಯ್ದು ಪೂಜಾರಿ ಮುಂದ ಇದನ್ನ ಬಿಚ್ಚಿದ್ರ...” ಅಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಒದ್ದೆ ಲುಂಗಿಯಲ್ಲಿ ಕೂತು ನಾನೂ ನಕ್ಕೆ. ಕಣ್ಣಲ್ಲಿ ನೀರು ಬಂತು. ಯಾವ ನೀರು ಅಂತ ಕೇಳಬೇಡಿ.

ಹರಕೆ ಅಲ್ಲ ಅಂತ ಗೊತ್ತಾದಾಗ ಬೇಜಾರಾಯಿತೇ? ಒಂದು ಗಳಿಗೆ ಆಯಿತು. ಆಮೇಲೆ ಯೋಚಿಸಿದೆ. ಹರಕೆಯನ್ನು ಕಷ್ಟ ಬಂದಾಗ ಒಮ್ಮೆ ಹೊರುತ್ತೇವೆ. ಇವಳು ಕಷ್ಟ ಬರದಿರಲಿ ಅಂತ ವಾರವಾರವೂ ಬಗ್ಗಿ, ಬಿಚ್ಚಿ, ತೊಳೆದು, ಮತ್ತೆ ಕಟ್ಟಿದ್ದಾಳೆ. ಯಾರಿಗೂ ಹೇಳದೆ.

ಈಗ ಆ ಕೆಲಸ ನನ್ನದು. ನಿಮ್ಮ ಮನೆಯಲ್ಲೂ ಮಾಡಬಹುದು. ತೆಳುವಾದ ಹಳೆಯ ಬಟ್ಟೆ ಬೇಕು, ದಪ್ಪದ್ದಾದರೆ ನೀರೇ ಹೋಗುವುದಿಲ್ಲ. ಚೀಲ ಉದ್ದವಾಗಿ ಇಳಿಬಿಟ್ಟಿರಲಿ. ಪ್ರತಿ ಸಲ ಬಟ್ಟೆ ಒಗೆದಾದ ಮೇಲೆ ಬಿಚ್ಚಿ ಕೊಡವಿರಿ, ಮರೆತರೆ ನಮ್ಮ ಗತಿಯೇ. ಮಷೀನಿನ ಒಳಗಿರುವ ಜಾಳಿಗೆಯನ್ನೂ ತೆಗೆದು ತೊಳೆಯಿರಿ. ಹೊಸ ಟವೆಲ್ಲು, ಹೊಸ ಲುಂಗಿ ಬೇರೆಯಾಗಿ ಒಗೆಯಿರಿ. ಜೇಬಿನಲ್ಲಿ ಬಸ್ ಟಿಕೆಟ್ ಬಿಡಬೇಡಿ.

ನನಗೆ ಇನ್ನೂ ಜಾರುಗಂಟು ಬರುವುದಿಲ್ಲ. ಎರಡು ಸಲ ಕಳಚಿಬಿತ್ತು. ಸುನೀತಾ ಮೊಬೈಲಲ್ಲಿ ನೋಡಿ ಕಲಿಸುತ್ತಿದ್ದಾಳೆ.

ಇಷ್ಟೆಲ್ಲ ಆದ ಮೇಲೆ ಅಕ್ಕನಿಗೆ ಹೇಳದಿದ್ದರೆ ಆಗುತ್ತದೆಯೇ? ಫೋನ್ ಮಾಡಿ, ಮುಡಿಪು ಬಿಚ್ಚಿದೆ ಅಂದೆ. ಅಕ್ಕ ಮೆಲ್ಲಗೆ, ಗುಡಿಯಲ್ಲಿ ನಿಂತವರ ದನಿಯಲ್ಲಿ ಕೇಳಿದಳು:

“ಏನಿತ್ತೋ ಒಳಗ?”

“ನನ್ನ ಲುಂಗಿ, ಅಕ್ಕಾ.”